‘ದಂಡುಪಾಳ್ಯ’ದ ಎರಡನೇ ಭಾಗ ಯಾಕೆ ಹಿಡಿಸಲಿಲ್ಲ? ಸಿನಿಮಾ ಅಭಿಪ್ರಾಯ ಫಾರ್ವರ್ಡ್ ಆದಾಗ ಏನಾಗುತ್ತದೆ?

“ಮಧ್ಯಾಹ್ನ ಬಾಗಿಲು ತಟ್ಟಿ ಕುಡಿಯಲು ನೀರು ಕೇಳುತ್ತಾರೆ. ತೆಗೆಯಬೇಡಿ. ದಂಡುಪಾಳ್ಯ ಗ್ಯಾಂಗ್ ಮತ್ತೆ ಬಂದಿದೆ. ಎಲ್ಲಾ ಗ್ರೂಪಿಗೂ ಕಳಿಸಿ.”

ಈ ಧಾಟಿಯ ಮೆಸೇಜು ನಿಮ್ಮ ಫೋನಿಗೂ ಬಂದಿರಬಹುದು. ಬಸವೇಶ್ವರನಗರದಲ್ಲಿರುವ ನಮ್ಮ ಪರಿಚಯದವರ ಫ್ಯಾಮಿಲಿ ಗ್ರೂಪಿಗೂ ಕಳೆದ ಬೇಸಿಗೆಯಲ್ಲಿ ಬಂತು. ಮೆಸೇಜಿನ ಕೆಳಗೆ ಚರ್ಚೆ ಶುರುವಾಯಿತು. ಆದರೆ ಅದು ಹೊರಳಿದ್ದು ಸಿನಿಮಾದ ಕಡೆಗೆ. “ಮೊದಲನೇ ಪಾರ್ಟ್ ನೋಡಿ ಒಂದು ವಾರ ನಿದ್ದೆ ಬಂದಿರಲಿಲ್ಲ” ಎಂದರು ಒಬ್ಬರು. “ಎರಡನೇದು ವೇಸ್ಟು” ಎಂದರು ಇನ್ನೊಬ್ಬರು. ಮೂರನೆಯವರು, “ಎರಡನೇದರಲ್ಲೇ ನಿಜ ಇರೋದು, ಪಾಪ ಅವರನ್ನ ಪೊಲೀಸರೇ ಸಿಕ್ಕಿಸಿದ್ದು” ಎಂದರು. ಅಷ್ಟರಲ್ಲಿ ಆ ಮನೆಯ ಅಜ್ಜಿ ಬಿಸಿಲಲ್ಲಿ ಪಾರ್ಸೆಲ್ ತಂದ ಹುಡುಗ ನೀರು ಕೇಳಿದ್ದಕ್ಕೆ ಹೆದರಿ ಬಾಗಿಲು ಹಾಕಿಕೊಂಡಿದ್ದರು.

ಒಂದೇ ಗ್ರೂಪಿನಲ್ಲಿ, ಒಂದೇ ಮಧ್ಯಾಹ್ನ, ಮೂರು ಬೇರೆ ಬೇರೆ ವಿಷಯಗಳು ಒಂದಕ್ಕೊಂದು ಕಲಸಿಹೋಗಿದ್ದವು: ಸಿನಿಮಾ ಹೇಗಿದೆ ಎಂಬ ಅಭಿಪ್ರಾಯ, ಹಿಂದೆ ನಿಜವಾಗಿ ಏನು ನಡೆದಿತ್ತು ಎಂಬ ಪ್ರಶ್ನೆ, ಮತ್ತು ಈಗ ನಮಗೆ ಅಪಾಯವಿದೆಯೇ ಎಂಬ ಭಯ. ಇವನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ಸಿನಿಮಾ ಸರಣಿಯ ಬಗ್ಗೆ

ಒಬ್ಬ ಕೊಲೆಗಾರ ಅಥವಾ ಒಂದು ಗುಂಪು ಚಾಕು ಚೂರಿ ಹಿಡಿದು ಒಬ್ಬೊಬ್ಬರನ್ನಾಗಿ ಕೊಲ್ಲುತ್ತಾ ಹೋಗುವ ಭಯಾನಕ ಸಿನಿಮಾಗಳಿಗೆ ‘ಸ್ಲ್ಯಾಶರ್’ ಎನ್ನುತ್ತಾರೆ. ಅಮೆರಿಕದ ‘ಹ್ಯಾಲೋವೀನ್’ (1978), ‘ಫ್ರೈಡೇ ದಿ ಥರ್ಟೀನ್ತ್’ (1980) ಈ ಜಾತಿಯ ಪ್ರಸಿದ್ಧ ಸರಣಿಗಳು. ಕನ್ನಡದಲ್ಲಿ ಇದಕ್ಕೆ ಹತ್ತಿರ ಬರುವ ಸರಣಿ ‘ದಂಡುಪಾಳ್ಯ’. ಅದು ಅಪರಾಧ ಕಥೆಯೇ ಆದರೂ ಪ್ರೇಕ್ಷಕರನ್ನು ಹೆದರಿಸುವ ರೀತಿ ಸ್ಲ್ಯಾಶರ್‌ನದೇ.

ಶ್ರೀನಿವಾಸರಾಜು ನಿರ್ದೇಶನದ ಮೊದಲ ಭಾಗ 2012ರಲ್ಲಿ ಬಂತು. ಪೂಜಾ ಗಾಂಧಿ, ಮಕರಂದ್ ದೇಶಪಾಂಡೆ ಗ್ಯಾಂಗಿನವರಾಗಿ, ಪಿ. ರವಿಶಂಕರ್ ಪೊಲೀಸ್ ಅಧಿಕಾರಿಯಾಗಿ ನಟಿಸಿದ್ದರು. ಸಿನಿಮಾ ದೊಡ್ಡದಾಗಿ ಗೆದ್ದಿತು, ತೆಲುಗಿಗೂ ಹೋಯಿತು. ಅದೇ ನಿರ್ದೇಶಕರ ಎರಡನೇ ಭಾಗ 2017ರಲ್ಲಿ, ಮೂರನೆಯದು 2018ರಲ್ಲಿ ಬಂದವು. 2019ರ ನಾಲ್ಕನೆಯದನ್ನು ಬೇರೆಯವರು ನಿರ್ದೇಶಿಸಿದರು.

ಎರಡನೇ ಭಾಗ ಯಾವಾಗಲೂ ಕಳಪೆಯೇ?

ಇದು ಬಹಳ ಜನ ನಂಬಿರುವ ಮಾತು. 1997ರ ‘ಸ್ಕ್ರೀಮ್ 2’ ಎಂಬ ಸ್ಲ್ಯಾಶರ್ ಸಿನಿಮಾದೊಳಗೇ ಕಾಲೇಜು ಹುಡುಗರು ತರಗತಿಯಲ್ಲಿ ಕೂತು ಇದೇ ವಿಷಯಕ್ಕೆ ವಾದ ಮಾಡುವ ದೃಶ್ಯವಿದೆ. ಮಾತಿನಲ್ಲಿ ಸ್ವಲ್ಪ ಹುರುಳಿದೆ. ಆದರೆ ಕಾರಣ ನಾವಂದುಕೊಂಡಷ್ಟು ಸರಳವಲ್ಲ.

ಮಗಳಿಗೆ ಒಂದು ಪರೀಕ್ಷೆಯಲ್ಲಿ 98 ಬಂತು ಎಂದುಕೊಳ್ಳಿ. ಮುಂದಿನದರಲ್ಲಿ 88. “ಓದೋದು ಬಿಟ್ಟಳು” ಎಂದು ಬೈಯುವ ಮೊದಲು ಯೋಚಿಸಿ. 98 ಬಂದ ದಿನ ಓದಿನ ಜೊತೆ ಅದೃಷ್ಟವೂ ಕೂಡಿಬಂದಿತ್ತು: ಗೊತ್ತಿದ್ದ ಪ್ರಶ್ನೆಗಳೇ ಬಂದಿದ್ದವು. ಅಂಥ ದಿನ ಪದೇಪದೇ ಬರುವುದಿಲ್ಲ. ಬಹಳ ಎತ್ತರಕ್ಕೆ ಹೋದದ್ದು ಮುಂದಿನ ಸಲ ಸರಾಸರಿಯ ಕಡೆ ಇಳಿಯುವುದೇ ಸಹಜ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರವನ್ನು ಹೋಲಿಸುವಾಗ ಇದನ್ನು ಗುರುತಿಸಿದ್ದರು.

ಸಿನಿಮಾಕ್ಕೂ ಇದು ಅನ್ವಯಿಸುತ್ತದೆ. ಸೋತ ಸಿನಿಮಾಕ್ಕೆ ಸಾಮಾನ್ಯವಾಗಿ ಎರಡನೇ ಭಾಗ ಮಾಡುವುದಿಲ್ಲ. ಕಥೆ, ನಟರು, ಬಿಡುಗಡೆಯ ಸಮಯ ಎಲ್ಲವೂ ಕೂಡಿಬಂದು ಗೆದ್ದದ್ದಕ್ಕೇ ಮುಂದುವರಿಕೆ ಬರುತ್ತದೆ. ಅಂದರೆ ನಾವು ಹೋಲಿಸುತ್ತಿರುವುದು ತುಂಬ ಚೆನ್ನಾಗಿ ಬಂದ ಒಂದರ ಜೊತೆ. ಎರಡನೆಯದು ಸಾಧಾರಣವಾಗಿದ್ದರೂ ನಮ್ಮ ಕಣ್ಣಿಗೆ ಕೆಟ್ಟದಾಗಿ ಕಾಣುತ್ತದೆ.

“ಯಾವಾಗಲೂ” ಎಂಬುದಂತೂ ತಪ್ಪು. ‘ಆಪ್ತಮಿತ್ರ’ (2004) ಗೆದ್ದ ಮೇಲೆ ಬಂದ ‘ಆಪ್ತರಕ್ಷಕ’ (2010) ಕೂಡ ಗೆದ್ದಿತು. ‘ಕೆಜಿಎಫ್’ನ ಮೊದಲ ಅಧ್ಯಾಯಕ್ಕಿಂತ (2018) ಎರಡನೆಯದರ (2022) ಗಳಿಕೆ ಬಹಳ ದೊಡ್ಡದು.

ಭಯದ ಸಿನಿಮಾಕ್ಕೆ ಇನ್ನೊಂದು ತೊಡಕಿದೆ

ಭಯ ಹುಟ್ಟುವುದು ಗೊತ್ತಿಲ್ಲದ್ದರಿಂದ. ಬಾಗಿಲ ಆಚೆ ಯಾರು, ಯಾವಾಗ ನುಗ್ಗುತ್ತಾರೆ ಎಂಬುದು ಮೊದಲ ಸಲ ತಿಳಿದಿರುವುದಿಲ್ಲ. ಎರಡನೇ ಸಲಕ್ಕೆ ಕೊಲೆಗಾರರ ಮುಖ, ಮಾತು, ಕ್ರಮ ಎಲ್ಲ ಗೊತ್ತು. ಒಂದೇ ಬಗೆಯ ಬೆಚ್ಚುವಿಕೆಗೆ ದೇಹವೂ ಒಗ್ಗಿಕೊಳ್ಳುತ್ತದೆ.

ಹಾಗಿದ್ದರೆ ಜನ ಹೆದರಿಕೊಳ್ಳಲು ದುಡ್ಡು ಕೊಟ್ಟು ಯಾಕೆ ಹೋಗುತ್ತಾರೆ? ಸಂವಹನ ಶಾಸ್ತ್ರದ ವಿದ್ವಾಂಸ ಡಾಲ್ಫ್ ಝಿಲ್ಮನ್ ಕೊಟ್ಟ ವಿವರಣೆ ಹೀಗಿದೆ: ಹೆದರಿದಾಗ ಎದೆಬಡಿತ ಏರುತ್ತದೆ. ಅಪಾಯ ಕಳೆದ ತಕ್ಷಣ ಆ ಬಡಿತ ಇಳಿಯುವುದಿಲ್ಲ. ಅಷ್ಟರಲ್ಲಿ ಸಮಾಧಾನ ಬರುತ್ತದೆ. ಮೈಯಲ್ಲಿ ಉಳಿದ ಆ ಬಿಸಿ ಸಮಾಧಾನಕ್ಕೇ ಸೇರಿಕೊಂಡು, ಅದು ಇನ್ನೂ ಗಟ್ಟಿಯಾದ ಖುಷಿಯಾಗುತ್ತದೆ.

‘ದಂಡುಪಾಳ್ಯ’ದ ಮೊದಲ ಭಾಗ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ: ಗ್ಯಾಂಗು ಹೆದರಿಸುತ್ತದೆ, ಪೊಲೀಸರು ಹಿಡಿಯುತ್ತಾರೆ, ನಾವು ಉಸಿರು ಬಿಡುತ್ತೇವೆ. ಎರಡನೇ ಭಾಗ ಇದನ್ನು ತಿರುಗಿಸಿತು. ಅಲ್ಲಿ ಶ್ರುತಿ ಹರಿಹರನ್ ಪಾತ್ರದ ಪತ್ರಕರ್ತೆಗೆ ಇವರೇ ಅಪರಾಧಿಗಳೇ ಎಂಬ ಅನುಮಾನ ಬರುತ್ತದೆ. ಪೊಲೀಸರ ಚಿತ್ರಹಿಂಸೆಯೇ ತೆರೆ ತುಂಬುತ್ತದೆ. ಮೊದಲ ಭಾಗದ ಬಿಡುಗಡೆಯ ನಿಟ್ಟುಸಿರನ್ನು ಹುಡುಕಿಕೊಂಡು ಹೋದವರಿಗೆ ಅದು ಸಿಗಲಿಲ್ಲ. ಕೊಲೆಗಾರರನ್ನು ಒಳ್ಳೆಯವರನ್ನಾಗಿ ತೋರಿಸುತ್ತಿದ್ದಾರೆ ಎಂದು ಅವರಿಗೆ ಅನಿಸಿತು. ಠಾಣೆಯಲ್ಲಿ ಏನೆಲ್ಲ ನಡೆಯಬಹುದು ಎಂದು ಯೋಚಿಸುವವರಿಗೆ ಅದೇ ಭಾಗ ಹಿಡಿಸಿತು. ಅಭಿಪ್ರಾಯ ಒಡೆದದ್ದು ಇಲ್ಲಿ ಎಂಬುದು ನಮ್ಮ ಓದು. ಎರಡು ಕಡೆಯವರೂ ತಮಗನಿಸಿದ್ದನ್ನು ಹೇಳಿದ್ದಾರೆ, ಇಬ್ಬರದೂ ಸುಳ್ಳಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಸಿನಿಮಾದ ಬಗ್ಗೆ ಬರೆಯುವವರಲ್ಲಿ ಬಹಳ ಮೆಚ್ಚಿದವರು, ಬಹಳ ಸಿಟ್ಟಾದವರು ಹೆಚ್ಚು. “ಪರವಾಗಿಲ್ಲ” ಅಂದುಕೊಂಡು ಮನೆಗೆ ಹೋದವರು ಬರೆಯುವುದು ಕಡಿಮೆ. ನೋಡಿದ ಜಾಗವೂ ಮುಖ್ಯ. ಮಾಗಡಿ ರಸ್ತೆಯ ವೀರೇಶ್ ಥಿಯೇಟರಿನಲ್ಲಿ ಶಿಳ್ಳೆಗಳ ನಡುವೆ ನೋಡಿದ ಸಿನಿಮಾ, ಕೆಂಗೇರಿ ಕಡೆ ಹೋಗುವ ಮೆಟ್ರೋದಲ್ಲಿ ಕೂತು ಫೋನಿನಲ್ಲಿ ನೋಡಿದ ಸಿನಿಮಾ ಒಂದೇ ಆದರೂ ಅನುಭವ ಒಂದೇ ಅಲ್ಲ.

“ನಿಜ ಘಟನೆ ಆಧಾರಿತ” ಎಂದರೆ ಎಷ್ಟು ನಿಜ?

ಅಮೆರಿಕದ ‘ದಿ ಟೆಕ್ಸಸ್ ಚೈನ್ ಸಾ ಮ್ಯಾಸಕರ್’ (1974) ನಿಜ ಘಟನೆ ಎಂದೇ ಪ್ರಚಾರ ಪಡೆಯಿತು. ಅದಕ್ಕೆ ಪ್ರೇರಣೆಯಾದ ಎಡ್ ಗೀನ್ ಎಂಬಾತ 1957ರಲ್ಲಿ ಸಿಕ್ಕಿಬಿದ್ದದ್ದು ಟೆಕ್ಸಸ್‌ನಲ್ಲಲ್ಲ, ವಿಸ್ಕಾನ್ಸಿನ್‌ನಲ್ಲಿ. ಅವನು ಮರ ಕೊಯ್ಯುವ ಗರಗಸದಿಂದ ಯಾರನ್ನೂ ಕೊಂದಿರಲಿಲ್ಲ. ಒಂದು ಎಳೆ ನಿಜ, ಉಳಿದದ್ದು ಕಲ್ಪನೆ.

ಈಗ ನಮ್ಮ ಊರಿನ ಕಥೆಗೆ ಬನ್ನಿ. ದಂಡುಪಾಳ್ಯ ಎಂಬುದು ಹೊಸಕೋಟೆ ಕಡೆಯ ಒಂದು ಊರು. ಆ ಹೆಸರಿನಿಂದ ಕರೆಯಲಾದ ಗುಂಪು ದರೋಡೆ, ಕೊಲೆಗಳಿಂದ 1990ರ ದಶಕದ ಕೊನೆಯಲ್ಲಿ ಬೆಂಗಳೂರನ್ನು ನಡುಗಿಸಿದ್ದು ನಿಜ. ಒಂಟಿಯಾಗಿ ಮನೆಯಲ್ಲಿದ್ದ ಹೆಂಗಸರು ಬಲಿಯಾದದ್ದು ನಿಜ. ಆದರೆ ನ್ಯಾಯಾಲಯಗಳಲ್ಲಿ ನಡೆದದ್ದು ಒಂದು ಕೇಸಲ್ಲ, ಹಲವು ಕೇಸು. ಕೆಳ ನ್ಯಾಯಾಲಯ ಮರಣದಂಡನೆ ಕೊಟ್ಟದ್ದೂ ಇದೆ, ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿದ್ದೂ ಇದೆ. ಅಲ್ಲಿ ತೂಗುವುದು ಸಾಕ್ಷಿಯನ್ನು, ಒಂದೊಂದು ಪ್ರಕರಣಕ್ಕೂ ಬೇರೆ ಬೇರೆಯಾಗಿ.

ಸಿನಿಮಾ ಏನು ಮಾಡಿತು ನೋಡಿ. ಮೊದಲ ಭಾಗದಲ್ಲಿ ಅವರು ರಾಕ್ಷಸರು, ಎರಡನೆಯದರಲ್ಲಿ ಅನ್ಯಾಯಕ್ಕೊಳಗಾದವರಿರಬಹುದು, ಮೂರನೆಯದರಲ್ಲಿ ಮತ್ತೆ ಅಪರಾಧಿಗಳು. ನಿರ್ದೇಶಕರು ಅವರೇ, ಮುಖ್ಯ ನಟರೂ ಅವರೇ, ಕಥೆ ಮಾತ್ರ ಮೂರು ದಿಕ್ಕಿಗೆ. ಕಥೆ ಹೇಳುವವರಿಗೆ ಆ ಸ್ವಾತಂತ್ರ್ಯ ಇದೆ. ಅದನ್ನು ನೋಡಿ “ನಿಜ ಗೊತ್ತಾಯಿತು” ಎಂದು ತೀರ್ಪು ಕೊಡುವುದು ನಮ್ಮ ತಪ್ಪು. “ಎರಡನೇದು ವೇಸ್ಟು” ಎನ್ನಲು ಸಿನಿಮಾ ನೋಡಿದರೆ ಸಾಕು. “ಅವರು ಅಮಾಯಕರು” ಎನ್ನಲು ಸಿನಿಮಾ ಸಾಲದು.

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕೇ?

ಬೇಕು. ಜಾರ್ಜ್ ಗರ್ಬ್‌ನರ್ ಎಂಬ ಸಂವಹನ ಸಂಶೋಧಕರು ಟಿವಿ ಹಿಂಸೆಯ ಬಗ್ಗೆ ವರ್ಷಗಟ್ಟಲೆ ಅಧ್ಯಯನ ನಡೆಸಿದರು. ತೆರೆಯ ಮೇಲೆ ಹಿಂಸೆಯನ್ನು ಬಹಳ ನೋಡುವವರು ಲೋಕ ಇರುವುದಕ್ಕಿಂತ ಹೆಚ್ಚು ಕ್ರೂರ ಎಂದು ನಂಬುವ ಕಡೆ ವಾಲುತ್ತಾರೆ ಎಂದು ಅವರು ಹೇಳಿದರು. ಇನ್ನೊಂದು ಕಡೆ, ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜವೆನಿಸತೊಡಗುತ್ತದೆ ಎಂಬುದನ್ನು 1977ರ ಒಂದು ಪ್ರಯೋಗ ತೋರಿಸಿತು. ತೆರೆಯಿಂದ ಬಂದ ಚಿತ್ರ, ಗ್ರೂಪಿನಿಂದ ಬಂದ ಮಾತು ಎರಡೂ ಸೇರಿದರೆ ಮನಸ್ಸಿಗೆ ಅದು “ನಾನೇ ಕಂಡದ್ದು” ಎಂಬಷ್ಟು ಹತ್ತಿರವಾಗುತ್ತದೆ.

2018ರ ಮೇ ತಿಂಗಳಲ್ಲಿ, ವಿಜಯನಗರದಿಂದ ಕೆಲವೇ ಕಿಲೋಮೀಟರ್ ದೂರದ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಗುಂಪೊಂದು ಹೊಡೆದು ಕೊಂದಿತು. ಅದೇ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಇದೇ ಬಗೆಯ ವದಂತಿಗೆ ಬಲಿಯಾದರು. ಆ ತಿಂಗಳೇ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ 5 ಚಾಟ್‌ಗಳಿಗಿಂತ ಹೆಚ್ಚಿಗೆ ಫಾರ್ವರ್ಡ್ ಮಾಡದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. ಈ ಸಾವುಗಳಿಗೆ ಯಾವ ಸಿನಿಮಾವೂ ಕಾರಣ ಎಂದು ನಾವು ಹೇಳುತ್ತಿಲ್ಲ. ಕಾರಣ, ಪರೀಕ್ಷಿಸದೆ ಹಂಚಿದ ಭಯ. ‘ದಂಡುಪಾಳ್ಯ ಗ್ಯಾಂಗ್ ಬಂದಿದೆ’ ಎಂಬ ಮೆಸೇಜೂ ಅಂಥದೇ ಭಯ, ಹೆಸರು ಮಾತ್ರ ಸಿನಿಮಾದಿಂದ ಎಲ್ಲರಿಗೂ ಪರಿಚಿತ.

ಹಾಗಾದರೆ ಏನು ಮಾಡೋಣ?

ಸಿನಿಮಾದ ಬಗ್ಗೆ ಧಾರಾಳವಾಗಿ ಜಗಳ ಆಡಿ, ಅದು ಸಿನಿಮಾ ನೋಡುವ ಸುಖದ ಅರ್ಧ. ಆದರೆ “ಗ್ಯಾಂಗ್ ಬಂದಿದೆ” ಎಂಬ ಮೆಸೇಜು ಬಂದರೆ ಮೂರು ಪ್ರಶ್ನೆ ಕೇಳಿ: ಯಾವ ದಿನ, ಯಾವ ರಸ್ತೆ, ಯಾವ ಠಾಣೆ? ಮೂರಕ್ಕೂ ಉತ್ತರವಿಲ್ಲದಿದ್ದರೆ ಮೆಸೇಜು ನಿಮ್ಮಲ್ಲಿಗೇ ನಿಲ್ಲಲಿ. ಉತ್ತರವಿದ್ದರೂ ಮೊದಲು ಠಾಣೆಯಲ್ಲಿ ವಿಚಾರಿಸಿ. ನಿಜವಾಗಿ ಅನುಮಾನ ಬಂದರೆ ಗ್ರೂಪಿಗಲ್ಲ, 112ಕ್ಕೆ ಫೋನ್ ಮಾಡಿ.

ಎಚ್ಚರ ಬೇಡವೆಂದಲ್ಲ. ಬಾಗಿಲಿಗೆ ಚೈನ್ ಹಾಕಿ, ಕಿಟಕಿಯಿಂದ ನೋಡಿ ಮಾತಾಡಿ, ಗುರುತಿಲ್ಲದವರನ್ನು ಒಳಗೆ ಕರೆಯಬೇಡಿ. ಬಸವೇಶ್ವರನಗರದ ಆ ಅಜ್ಜಿಗೂ ನಾವು ಇದನ್ನೇ ಹೇಳಿದೆವು. ಈಗ ಅವರ ಮನೆಯ ಗ್ರಿಲ್ ಪಕ್ಕದ ಕಟ್ಟೆಯ ಮೇಲೆ ಒಂದು ಬಾಟಲಿ ನೀರು ಇರುತ್ತದೆ. ಗ್ರಿಲ್‌ಗೆ ಬೀಗ ಹಾಕಿಯೇ ಇರುತ್ತದೆ. ಪಾರ್ಸೆಲ್ ತಂದ ಹುಡುಗರು ಕುಡಿದು ಹೋಗುತ್ತಾರೆ.