ಸಾದಾ ಪೆಟ್ರೋಲೇ ಸಾಕು
ಆಳಂದದ ಬಂಕಿನಲ್ಲಿ ಜಿಡಗಾ ಕಡೆಯ ಹುಡುಗನೊಬ್ಬ ‘ಪವರ್ ಹಾಕ್ರಿ ಅಣ್ಣಾ, ಎಂಜಿನ್ ಚಲೋ ಇರ್ತದ’ ಎಂದದ್ದನ್ನು ಈ ವಾರ ಕೇಳಿದೆ. ಪವರ್ ಎಂಬ ದುಬಾರಿ ಪೆಟ್ರೋಲಿಗೆ ಲೀಟರಿಗೆ ಹೆಚ್ಚಿಗೆ ತೆರುವ ಆ ದುಡ್ಡು ತೊಗರಿ ಹೊಲದ ಬೆವರಿನದು, ಅದಕ್ಕೇ ಸಂಕಟ. 2020ರ ಏಪ್ರಿಲ್‌ನಿಂದ ಯಾವ ಕಂಪನಿಯ ಸಾದಾ ಪೆಟ್ರೋಲಾದರೂ ಬಿಎಸ್-6 ದರ್ಜೆಯದೇ. ಅಂದರೆ ಅದರಲ್ಲಿ ಗಂಧಕ 10 ಪಿಪಿಎಂ ದಾಟುವಂತಿಲ್ಲ. ಪವರ್‌ನಂಥ ಪೆಟ್ರೋಲಿನ 95 ಆಕ್ಟೇನ್ (ಎಂಜಿನ್ ಬಡಿತ ತಡೆಯುವ ಶಕ್ತಿಯ ಅಂಕ) ಬೇಕಾಗುವುದು ಹೆಚ್ಚು ಒತ್ತಡದಲ್ಲಿ ಉರಿಸುವ ದುಬಾರಿ ಎಂಜಿನ್‌ಗಳಿಗೆ. 100 ಸಿಸಿ ಬೈಕಿಗೆ 91 ಧಾರಾಳ. ಹೆದರಬೇಕಾದದ್ದು ಕಿರಾಣಿ ಅಂಗಡಿಯ ಬಾಟಲಿ ಪೆಟ್ರೋಲಿಗೆ: ಅದರಲ್ಲಿ ಏನು ಬೆರೆತಿದೆ, ಎಷ್ಟು ಕಡಿಮೆಯಿದೆ ಎಂದು ನೋಡುವವರೇ ಇಲ್ಲ. ಬಂಕಿನಲ್ಲಾದರೆ ಫಿಲ್ಟರ್ ಪೇಪರ್ ಪರೀಕ್ಷೆಯೂ 5 ಲೀಟರ್ ಮಾಪನದ ಅಳತೆಯೂ ಪುಕ್ಕಟೆ. ಅನುಮಾನ ಬಂದರೆ ಸಂಕೋಚಪಡದೆ ಕೇಳಿ, ಅದು ನಿಮ್ಮ ಹಕ್ಕು.