ಥೇಮ್ಸ್ ತೀರದಲ್ಲಿ ಒಂದು ದಿನ

ಮಕ್ಕಳು ನೆಲೆಸಿರುವ ಲಂಡನ್ನಿಗೆ ಹೊರಟ ಹಿರಿಯರು, ಅಲ್ಲಿ ಮೊಮ್ಮಕ್ಕಳೊಡನೆ ಏನನ್ನು ನೋಡಬೇಕೆಂದು ನಮ್ಮನ್ನು ಕೇಳುವುದುಂಟು. ಒಂದೇ ದಿನ ಹತ್ತು ಕಡೆಗೆ ಧಾವಿಸಿದರೆ ಕಾಲು ಬಳಲುವುದೇ ಹೊರತು ಮನಸ್ಸು ತುಂಬದು. ಬೆಳಗ್ಗೆ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸಾಕು. ಸಾಮಾನ್ಯ ಪ್ರವೇಶಕ್ಕೆ ಶುಲ್ಕವಿಲ್ಲ. 25 ಮೀಟರಿಗೂ ಮಿಕ್ಕಿದ ನೀಲಿ ತಿಮಿಂಗಿಲದ ಅಸ್ಥಿಪಂಜರವನ್ನು ಅಲ್ಲಿನ ದೊಡ್ಡ ಸಭಾಂಗಣದಲ್ಲಿ 2017ರಿಂದ ತೂಗುಹಾಕಿದ್ದಾರೆ. ಅದರ ಕೆಳಗೆ ನಿಂತ ಮಗುವಿಗೆ ಸೃಷ್ಟಿಯ ಹಿರಿಮೆ ತಾನಾಗಿ ತಿಳಿಯುವುದು.

ಸಂಜೆಯನ್ನು ಥೇಮ್ಸ್ ನದಿಯ ದಂಡೆಗೆ ಮೀಸಲಿಡಿರಿ. ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ಲ್ಯಾಂಬೆತ್ ಸೇತುವೆಯತ್ತ, ಸಂಸತ್ ಭವನದ ಎದುರು ದಡದಲ್ಲಿ ನಡೆದರೆ, ಉದ್ದನೆಯ ಗೋಡೆಯ ತುಂಬ ಕೆಂಪು ಹೃದಯದ ಚಿತ್ರಗಳು. 2021ರಲ್ಲಿ ಜನರೇ ಬರೆಯತೊಡಗಿದ ಇವುಗಳಲ್ಲಿ ಒಂದೊಂದೂ ಕೊರೊನಾದಿಂದ ಅಗಲಿದ ಒಬ್ಬೊಬ್ಬರ ನೆನಪು. ಅದೇ ದಡದಲ್ಲಿ ಲ್ಯಾಂಬೆತ್ ಸೇತುವೆಯಿಂದ ಮುಂದೆ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ.

ನೇರವಾಗಿ ಪ್ರತಿಮೆಗೆ ಬಂದು, ಛಾಯಾಚಿತ್ರ ತೆಗೆಸಿಕೊಂಡು ಮರಳುವವರುಂಟು. ಹಾಗೆ ಮಾಡಬೇಡಿರಿ. ಮೊದಲು ಆ ಗೋಡೆಯ ಮುಂದೆ ಮಗುವನ್ನು ನಿಲ್ಲಿಸಿ, ಅಲ್ಲಿ ಬರೆದಿರುವ ಒಂದು ಹೆಸರನ್ನಾದರೂ ಓದಿಸಿರಿ. ಪರರ ದುಃಖವನ್ನು ಕಡೆಗಣಿಸಿ ಬಸವಣ್ಣನವರ ಬಳಿಗೆ ಹೋಗುವ ದಾರಿ ಎಲ್ಲಿಯೂ ಇಲ್ಲವೆಂದು ನಾವು ತಿಳಿದಿದ್ದೇವೆ.