ಗೆದ್ದ ವೀರ್ಯಾಣುವಿನ ಕಥೆ ಸಾಕು ಮಾರಾಯ್ರೆ

"ಕೋಟಿಗಟ್ಟಲೆ ವೀರ್ಯಾಣುಗಳನ್ನ ಸೋಲಿಸಿ ಹುಟ್ಟಿದವನು ನೀನು!" ಅಂತ ವ್ಯಕ್ತಿತ್ವ ವಿಕಸನದ ಭಾಷಣಕಾರರು ಡೈಲಾಗು ಬಿಡ್ತಾರೆ. ಅವರ ಹೊಟ್ಟೆಪಾಡು, ಬಿಡಿ. ವಿಜ್ಞಾನ ಬರೀತೀವಿ ಅನ್ನೋ ನಾವೂ ಅದನ್ನೇ ಬರೆದಾಗ ಮಾತ್ರ ಸಿಟ್ಟು ಬರತ್ತೆ. ವೀರ್ಯಾಣು ಓಡತ್ತೆ, ನುಗ್ಗತ್ತೆ, ಭೇದಿಸತ್ತೆ. ಅಂಡ ಮಾತ್ರ ಸುಮ್ಮನೆ ಕಾಯ್ತಾ ಕೂತಿರತ್ತೆ. (ಸ್ವಯಂವರದಲ್ಲೂ ಮಾಲೆ ಇದ್ದದ್ದು ಹುಡುಗಿಯ ಕೈಲಿ ಕಣ್ರೀ!) ಬೀಜ ಗಂಡಿನದು, ಹೆಣ್ಣು ಬರೀ ಹೊಲ ಅನ್ನೋ ಹಳೇ ಮಾತಿಗೆ ಮೈಕ್ರೋಸ್ಕೋಪಿನ ಮುದ್ರೆ ಒತ್ತಿದ ಹಾಗಾಯ್ತು. ಹೈಸ್ಕೂಲು ಹುಡುಗೀರೂ ಇದನ್ನ ಓದ್ತಾರೆ.

ಕ್ಯಾಲಿಫೋರ್ನಿಯಾ ಕಡಲಿನ ಅಬಲೋನ್ ಅನ್ನೋ ಬಸವನಹುಳುವನ್ನ ನೋಡಿ. ಗಂಡು ವೀರ್ಯವನ್ನೂ ಹೆಣ್ಣು ಅಂಡಗಳನ್ನೂ ನೀರಿಗೇ ಬಿಟ್ಟುಬಿಡ್ತವೆ. ಅಕ್ಕಪಕ್ಕದಲ್ಲಿ ಬೇರೆ ಜಾತಿಯ ಅಬಲೋನ್‌ಗಳೂ ಇರ್ತವೆ. ವೀರ್ಯಾಣುವಿನ ತುದೀಲಿ ಆಕ್ರೋಸೋಮ್ ಅನ್ನೋ ಚೀಲ, ಅದರೊಳಗೆ ಲೈಸಿನ್ ಅನ್ನೋ ಪ್ರೋಟೀನು. ಈಟಿ ಹಿಡಿದು ನುಗ್ಗತ್ತೆ ಅಂದ್ಕೊಂಡ್ರಾ? ಲೈಸಿನ್ ಕಿಣ್ವವೇ ಅಲ್ಲ, ಏನನ್ನೂ ಕತ್ತರಿಸೋದಿಲ್ಲ. ಅಂಡದ ಹೊದಿಕೆಯಲ್ಲಿರೋ 'ವರ್ಲ್' ಅನ್ನೋ ಪ್ರೋಟೀನಿಗೆ ಹೋಗಿ ಅಂಟಿಕೊಳ್ಳತ್ತೆ. ಆಗ ಹೊದಿಕೆಯ ಎಳೆಗಳು ಒಂದರಿಂದೊಂದು ಬಿಚ್ಚಿಕೊಂಡು ತೂತಾಗತ್ತೆ. ಸ್ವಜಾತಿಯ ಲೈಸಿನ್ನಿಗೇ ಆ ಎಳೆಗಳು ಚೆನ್ನಾಗಿ ಬಿಚ್ಚಿಕೊಳ್ಳೋದು. 1998ರಲ್ಲಿ ಸ್ಯಾನ್ ಡಿಯೇಗೋದ ಸ್ಕ್ರಿಪ್ಸ್ ಸಂಸ್ಥೆಯ ಇಬ್ಬರು ಸಂಶೋಧಕರು ಮಂಡಿಸಿದ ವಾದ ಇನ್ನೂ ಮಜವಾಗಿದೆ: ತಲೆಮಾರುಗಳು ಕಳೆದ ಹಾಗೆ ವರ್ಲ್ ತನ್ನ ಪಾಡಿಗೆ ಬದಲಾಗ್ತಾ ಹೋಗತ್ತೆ, ಅದಕ್ಕೆ ಹೊಂದಿಕೊಳ್ಳೋಕೆ ಏದುಸಿರು ಬಿಡ್ತಾ ಹಿಂದೆ ಓಡೋದು ಲೈಸಿನ್!

"ಹುಳುವಿಗೂ ಮನುಷ್ಯರಿಗೂ ಏನ್ರೀ ಸಂಬಂಧ?" ಅನ್ನೋರಿಗೆ: ವರ್ಲ್ ರಚನೆ 2017ರಲ್ಲಿ ಬಯಲಾದಾಗ, ಸಸ್ತನಿಗಳ ಅಂಡದ ಹೊದಿಕೆಯಲ್ಲಿರೋ ಜಡ್‌ಪಿ2 ಪ್ರೋಟೀನಿನ ಒಂದು ಭಾಗವೂ ಅದೇ ಥರ ಮಡಿಚಿಕೊಂಡಿದೆ ಅಂತ ಗೊತ್ತಾಯ್ತು.

ಇನ್ನು ಆ ರೇಸು. ಬೇಕಾದಷ್ಟು ಕಡಲ ಬಸವನಹುಳುಗಳಲ್ಲಿ ವೀರ್ಯಾಣು ಎರಡು ಥರ. ಒಂದು ಮಾಮೂಲಿಯದ್ದು. ಇನ್ನೊಂದರಲ್ಲಿ ವರ್ಣತಂತುಗಳೇ ಇಲ್ಲ, ಇದ್ದರೂ ಅರೆಬರೆ. ಅದರಿಂದ ಮರಿಯಾಗೋ ಮಾತೇ ಇಲ್ಲ. ಗುಳ್ಳೆಗಳ ತೆಪ್ಪ ಕಟ್ಟಿಕೊಂಡು ಸಮುದ್ರದ ಮೇಲೆ ತೇಲೋ ನೇರಳೆ ಬಣ್ಣದ ಜಾಂತಿನಾ ಇದೆಯಲ್ಲ, ಅದರ ಗಂಡಿಗೆ ಶಿಶ್ನವಿಲ್ಲ. ಕೋಶಕೇಂದ್ರವಿಲ್ಲದ ಒಂದು ದೊಡ್ಡ ವೀರ್ಯಾಣುವಿನ ಮೈಗೆ ಸಣ್ಣ ಮಾಮೂಲಿ ವೀರ್ಯಾಣುಗಳು ಸಾಲಾಗಿ ಅಂಟಿಕೊಂಡಿರ್ತವೆ. ಇದು ರೇಸಲ್ಲ ಸ್ವಾಮಿ, ಬಸ್ಸು! ಇದರ ಡ್ರೈವರನ್ನ ಯಾವ ಭಾಷಣಕಾರರೂ ಇನ್ನೂ ವೇದಿಕೆಗೆ ಕರೆದಿಲ್ಲ.